ಲೆಡ್ ಝೆಪೆಲಿನ್: ಕೀರ್ತಿಯೂ ಹಾಡಿನ ಋಣವೂ

1968ರಲ್ಲಿ ಲಂಡನ್ನಿನಲ್ಲಿ ಕೂಡಿಕೊಂಡ ನಾಲ್ವರು ತರುಣರ ರಾಕ್ ತಂಡವೊಂದು ಹನ್ನೆರಡು ವರ್ಷ ಹಾಡಿತು. 1980ರ ಸೆಪ್ಟೆಂಬರ್ 25ರಂದು ಅದರ ಡ್ರಮ್ ವಾದಕ ಜಾನ್ ಬಾನ್‌ಹ್ಯಾಮ್ ತೀರಿಕೊಂಡ. ಅವನ ಸ್ಥಾನದಲ್ಲಿ ಬೇರೊಬ್ಬನನ್ನು ಕೂರಿಸಲು ಮನಸ್ಸು ಬಾರದೆ ಉಳಿದ ಮೂವರು, ಅಂದರೆ ಗಿಟಾರ್ ವಾದಕ ಜಿಮ್ಮಿ ಪೇಜ್, ಗಾಯಕ ರಾಬರ್ಟ್ ಪ್ಲಾಂಟ್, ಬೇಸ್ ಹಾಗೂ ಕೀಬೋರ್ಡ್ ನುಡಿಸುತ್ತಿದ್ದ ಜಾನ್ ಪಾಲ್ ಜೋನ್ಸ್, ತಂಡವನ್ನೇ ವಿಸರ್ಜಿಸಿದರು. ಇಪ್ಪತ್ತೇಳು ವರ್ಷಗಳ ಅನಂತರ, 2007ರ ಡಿಸೆಂಬರ್ 10ರಂದು, ಬಾನ್‌ಹ್ಯಾಮನ ಮಗನನ್ನು ಡ್ರಮ್ಮಿಗೆ ಕೂರಿಸಿಕೊಂಡು ಆ ಮೂವರು ಲಂಡನ್ನಿನಲ್ಲಿ ಒಂದೇ ಒಂದು ಕಛೇರಿ ನಡೆಸಿದಾಗ, ಸುಮಾರು 20 ಸಾವಿರ ಆಸನಗಳ ಆ ಸಭಾಂಗಣಕ್ಕೆ ಎರಡು ಕೋಟಿ ಕೋರಿಕೆಗಳು ಬಂದವೆಂದು ಲೆಕ್ಕ ಹೇಳಲಾಯಿತು. ಲೆಡ್ ಝೆಪೆಲಿನ್ ಎಂಬ ಹೆಸರಿಗೆ ಅಂಟಿಕೊಂಡಿರುವ 'ದಂತಕಥೆ' ಎಂಬ ವಿಶೇಷಣ ಬರಿಯ ಪ್ರಚಾರದ ಮಾತಲ್ಲವೆಂಬುದಕ್ಕೆ ಇಷ್ಟು ಸಾಕು.

ಆದರೆ ಈ ತಂಡದಷ್ಟು ಕೀರ್ತಿ ಪಡೆದು, ಈ ತಂಡದಷ್ಟು ಬಾರಿ 'ಈ ಹಾಡು ನಿಮ್ಮದಲ್ಲ' ಎಂಬ ಆರೋಪಕ್ಕೆ ಉತ್ತರ ಕೊಡಬೇಕಾಗಿ ಬಂದ ಇನ್ನೊಂದು ತಂಡವನ್ನು ಹೆಸರಿಸುವುದು ಕಷ್ಟ. ಆದ್ದರಿಂದಲೇ ಇದರ ಬಗ್ಗೆ ಎರಡು ಪಕ್ಷಗಳಿವೆ. ಒಂದು ಪಕ್ಷಕ್ಕೆ ಇದು ರಾಕ್ ಸಂಗೀತದ ಶಿಖರ. ಇನ್ನೊಂದಕ್ಕೆ, ಕಪ್ಪು ಜನರ ಹಾಡುಗಳನ್ನು ಎತ್ತಿಕೊಂಡು, ಗಟ್ಟಿಯಾಗಿ ನುಡಿಸಿ, ತಮ್ಮ ಹೆಸರಿನ ಮುದ್ರೆ ಒತ್ತಿ ಮಾರಿದ ನಾಲ್ಕು ಜನ ಬಿಳಿಯರ ವ್ಯಾಪಾರ. ಎರಡೂ ಪಕ್ಷಗಳು ಅರ್ಧ ಸತ್ಯವನ್ನು ಹಿಡಿದುಕೊಂಡು ಜಗಳವಾಡುತ್ತಿವೆ.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಈ ವಿವಾದ ತೀರ ಹೊರಗಿನದೆಂದು ತೋರಬೇಕಾಗಿಲ್ಲ. ಪಂಪನು ವ್ಯಾಸರ ಕಥಾಸಮುದ್ರದಲ್ಲಿ ಈಜಲು ಹೊರಟಾಗ, ತಾನೇ ವ್ಯಾಸನೆಂಬ ಗರ್ವ ತನಗಿಲ್ಲವೆಂದು ಮೊದಲಿಗೇ ಹೇಳಿಕೊಂಡ. ಬಿ. ಎಂ. ಶ್ರೀಕಂಠಯ್ಯನವರು ತಮ್ಮ ಸಂಕಲನಕ್ಕೆ 'ಇಂಗ್ಲಿಷ್ ಗೀತಗಳು' ಎಂಬ ಹೆಸರನ್ನೇ ಇಟ್ಟು, ತಂದದ್ದು ಎಲ್ಲಿಂದ ಎಂಬುದನ್ನು ಹೊದಿಕೆಯ ಮೇಲೆಯೇ ಸಾರಿದರು. ಇಬ್ಬರ ಹೊಸತನಕ್ಕೂ ಈ ಒಪ್ಪಿಗೆಯಿಂದ ಕುಂದು ಬರಲಿಲ್ಲ. ಪಡೆದುಕೊಳ್ಳುವುದು ದೋಷವೆನಿಸಿದ್ದರೆ ಕನ್ನಡದ ಅರ್ಧ ಸಾಹಿತ್ಯವನ್ನು ತಪ್ಪಿತಸ್ಥರ ಸಾಲಿನಲ್ಲಿ ನಿಲ್ಲಿಸಬೇಕಾಗುತ್ತಿತ್ತು. ಪ್ರಶ್ನೆ ಇರುವುದು ಪಡೆದದ್ದರಿಂದ ಏನಾಯಿತು, ಪಡೆದೆನೆಂದು ಹೇಳಲಾಯಿತೇ ಎಂಬ ಎರಡರಲ್ಲಿ. ಇವು ಬೇರೆ ಬೇರೆ ಪ್ರಶ್ನೆಗಳು. ಝೆಪೆಲಿನ್ ಚರ್ಚೆ ಹಾದಿ ತಪ್ಪುವುದು ಇವೆರಡನ್ನೂ ಒಂದೇ ಎಂದು ಭಾವಿಸಿದಾಗ.

ಮೊದಲ ಪ್ರಶ್ನೆಗೆ ಭಾರತೀಯ ಕಾವ್ಯಮೀಮಾಂಸೆಯಲ್ಲಿ ಒಳ್ಳೆಯ ಅಳತೆಗೋಲು ಇದೆ. ಆನಂದವರ್ಧನನು 'ಧ್ವನ್ಯಾಲೋಕ'ದ ಕೊನೆಯ ಉದ್ದ್ಯೋತದಲ್ಲಿ ಕವಿಕವಿಗಳ ನಡುವಿನ ಹೋಲಿಕೆಯನ್ನು 'ಸಂವಾದ' ಎಂದು ಕರೆದು ಅದನ್ನು ಮೂರು ಬಗೆಯಾಗಿ ವಿಂಗಡಿಸಿದ. ಕನ್ನಡಿಯ ಪ್ರತಿಬಿಂಬದಂತಹುದು, ಚಿತ್ರದಂತಹುದು, ಒಬ್ಬರನ್ನೊಬ್ಬರು ಹೋಲುವ ಇಬ್ಬರು ಮನುಷ್ಯರಂತಹುದು. ಮೊದಲೆರಡನ್ನು ಕವಿ ಬಿಡಬೇಕು. ಮೂರನೆಯದಕ್ಕೆ ತನ್ನದೇ ಆತ್ಮವಿರುವುದರಿಂದ ಅದನ್ನು ಬಿಡಬೇಕಾಗಿಲ್ಲ. ಮುಂದೆ ರಾಜಶೇಖರನು 'ಕಾವ್ಯಮೀಮಾಂಸೆ'ಯಲ್ಲಿ ಇದಕ್ಕೆ ನಾಲ್ಕನೆಯದೊಂದನ್ನು ಸೇರಿಸಿ ಅದನ್ನು ಪರಪುರಪ್ರವೇಶಕ್ಕೆ, ಅಂದರೆ ಪರಕಾಯಪ್ರವೇಶಕ್ಕೆ ಹೋಲಿಸಿದ. ಅಲ್ಲಿ ಮೂಲ ಒಂದೇ. ಆದರೆ ಕಟ್ಟಿದ ಪರಿ ಮೂಲದಿಂದ ಬಹುದೂರದ್ದು. ಸಾವಿರ ವರ್ಷದ ಹಿಂದಿನ ಈ ವಿಂಗಡಣೆ ಗಿಟಾರಿನ ಹಾಡಿಗೂ ಸಲ್ಲುತ್ತದೆ.

ಆರೋಪಗಳಲ್ಲಿ ಗಟ್ಟಿಯಾದುದರಿಂದಲೇ ತೊಡಗಬಹುದು. ಜೇಕ್ ಹೋಮ್ಸ್ ಎಂಬ ಅಮೆರಿಕದ ಗಾಯಕ 1967ರಲ್ಲಿ ತನ್ನ ಆಲ್ಬಮಿನಲ್ಲಿ 'ಡೇಝ್ಡ್ ಅಂಡ್ ಕನ್‌ಫ್ಯೂಸ್ಡ್' ಎಂಬ ಹಾಡನ್ನು ಹೊರತಂದ. ಅದೇ ವರ್ಷ ನ್ಯೂಯಾರ್ಕಿನಲ್ಲಿ ಅವನು ಹಾಡಿದ ವೇದಿಕೆಯ ಮೇಲೆಯೇ ಅನಂತರ ಯಾರ್ಡ್‌ಬರ್ಡ್ಸ್ ತಂಡದ ಕಛೇರಿ ನಡೆಯಿತು. ಆ ತಂಡದಲ್ಲಿ ಪೇಜ್ ಇದ್ದ. 1969ರ ಜನವರಿಯಲ್ಲಿ ಲೆಡ್ ಝೆಪೆಲಿನ್ನಿನ ಮೊದಲ ಆಲ್ಬಮ್ ಬಂದಾಗ ಅದರಲ್ಲಿಯೂ ಅದೇ ಹೆಸರಿನ ಹಾಡು, ಅದೇ ಇಳಿಯುವ ಬೇಸ್ ಸ್ವರಗಳ ನಡಿಗೆ. ಮಾತುಗಳು ಬಹುಮಟ್ಟಿಗೆ ಬದಲಾಗಿದ್ದವು. ಕರ್ತೃವಿನ ಸ್ಥಾನದಲ್ಲಿ ಇದ್ದದ್ದು ಪೇಜ್ ಒಬ್ಬನ ಹೆಸರು. ಹೋಮ್ಸ್ 2010ರಲ್ಲಿ ನ್ಯಾಯಾಲಯಕ್ಕೆ ಹೋದ, ರಾಜಿಯಾಯಿತು, ಆಮೇಲಿನ ಪ್ರಕಟಣೆಗಳಲ್ಲಿ ಹೋಮ್ಸನಿಂದ ಪ್ರೇರಿತವೆಂಬ ಮಾತು ಸೇರಿತು. ಶೀರ್ಷಿಕೆಯನ್ನೂ ಬದಲಿಸದೆ ತೆಗೆದುಕೊಂಡ ಹಾಡಿಗೆ 'ಪ್ರೇರಣೆ' ಎನ್ನುವುದು ಬಹಳ ಉದಾರವಾದ ಪದ. ಹಾಗೆಂದು ಝೆಪೆಲಿನ್ನಿನ ಆ ಹಾಡು ಪ್ರತಿಬಿಂಬ ಮಾತ್ರವೇ ಎಂದರೆ ಅದೂ ಅಲ್ಲ. ಪಿಟೀಲಿನ ಕಮಾನಿನಿಂದ ಗಿಟಾರನ್ನು ಉಜ್ಜಿ ಪೇಜ್ ಎಬ್ಬಿಸಿದ ನಡುಭಾಗದ ನರಳಿಕೆ ಹೋಮ್ಸನ ಹಾಡಿನಲ್ಲಿ ಎಲ್ಲಿಯೂ ಇಲ್ಲ. ಗುಣದಲ್ಲಿ ತನ್ನದಾಗಿದ್ದೂ ಹೆಸರಿನಲ್ಲಿ ಪರರದ್ದನ್ನು ನುಂಗಿದ ಹಾಡು ಅದು.

ಎರಡನೆಯ ಪ್ರಕರಣದಲ್ಲಿ ಎದುರಿಗಿದ್ದವನು ದೊಡ್ಡವನು. ವಿಲ್ಲಿ ಡಿಕ್ಸನ್ 1915ರಲ್ಲಿ ಮಿಸಿಸಿಪಿ ರಾಜ್ಯದ ವಿಕ್ಸ್‌ಬರ್ಗಿನಲ್ಲಿ ಹುಟ್ಟಿ, ಷಿಕಾಗೋಗೆ ವಲಸೆ ಹೋಗಿ, ಮಡ್ಡಿ ವಾಟರ್ಸ್, ಹೌಲಿನ್ ವುಲ್ಫ್ ಮೊದಲಾದ ಬ್ಲೂಸ್ ಗಾಯಕರಿಗೆ ಹಾಡು ಕಟ್ಟಿಕೊಟ್ಟವನು. 1962ರಲ್ಲಿ ಮಡ್ಡಿ ವಾಟರ್ಸ್ ಹಾಡಿದ 'ಯು ನೀಡ್ ಲವ್' ಅವನ ರಚನೆ. ಅದರ ಮಾತುಗಳು 1969ರಲ್ಲಿ ಝೆಪೆಲಿನ್ನಿನ 'ಹೋಲ್ ಲಾಟಾ ಲವ್' ಹಾಡಿನಲ್ಲಿ ಪ್ಲಾಂಟನ ಬಾಯಿಂದ ಹೊರಬಂದವು. ಡಿಕ್ಸನ್ನನ ಹೆಸರು ಮಾತ್ರ ಬರಲಿಲ್ಲ. ಅರಿಯದೆ ಆದ ತಪ್ಪೆನ್ನಲು ಒಂದು ಅಡ್ಡಿ ಇದೆ. ಅದೇ ವರ್ಷದ ಮೊದಲ ಆಲ್ಬಮಿನ ಎರಡು ಹಾಡುಗಳಿಗೆ ತಂಡವು ಡಿಕ್ಸನ್ನನ ಹೆಸರನ್ನು ಸರಿಯಾಗಿಯೇ ಹಾಕಿತ್ತು. ಅವನು ಯಾರೆಂದು ಗೊತ್ತಿತ್ತು, ಅವನ ಹಾಡುಗಳು ಗೊತ್ತಿದ್ದವು. ಡಿಕ್ಸನ್ 1985ರಲ್ಲಿ ದಾವೆ ಹೂಡಿದ. 1987ರಲ್ಲಿ ನ್ಯಾಯಾಲಯದ ಹೊರಗೆ ಇತ್ಯರ್ಥವಾಯಿತು. ಇಂದು ಆ ಹಾಡಿನ ಕರ್ತೃಗಳ ಸಾಲಿನಲ್ಲಿ ಐದನೆಯ ಹೆಸರಾಗಿ ಅವನಿದ್ದಾನೆ. ಅದೇ ಎರಡನೆಯ ಆಲ್ಬಮಿನ 'ದಿ ಲೆಮನ್ ಸಾಂಗ್' ಹೌಲಿನ್ ವುಲ್ಫನ 1964ರ 'ಕಿಲ್ಲಿಂಗ್ ಫ್ಲೋರ್' ಹಾಡಿನ ಮೇಲೆ ನಿಂತದ್ದೆಂದು ಒಪ್ಪಿಕೊಳ್ಳಬೇಕಾಗಿ ಬಂದ ಕಥೆಯೂ ಹೆಚ್ಚುಕಡಿಮೆ ಇದೇ.

ಎಲ್ಲ ಆರೋಪಗಳ ತೂಕವೂ ಒಂದೇ ಅಲ್ಲ. 'ಬೇಬ್ ಐಯಾಮ್ ಗೊನ್ನಾ ಲೀವ್ ಯು' ಹಾಡನ್ನು ತಂಡವು ಸಾಂಪ್ರದಾಯಿಕ ಗೀತೆಯೆಂದು ನಮೂದಿಸಿತ್ತು. ಅದನ್ನು ಅವರು ಕಲಿತದ್ದು ಜೋನ್ ಬಯೆಜಳ 1962ರ ಧ್ವನಿಮುದ್ರಿಕೆಯಿಂದ. ಅಲ್ಲಿಯೂ ಅದನ್ನು ಕಟ್ಟಿದ ಆನ್ ಬ್ರೆಡನ್ ಎಂಬ ಮಹಿಳೆಯ ಹೆಸರು ಇರಲಿಲ್ಲ. ಅದು ನಂಬಿ ಕೆಟ್ಟ ತಪ್ಪು. 1990ರಿಂದ ಅವಳ ಹೆಸರು ಸೇರಿತು. 'ಸ್ಟೇರ್‌ವೇ ಟು ಹೆವನ್' ಕುರಿತ ಮೊಕದ್ದಮೆ ಎಲ್ಲಕ್ಕಿಂತ ಹೆಚ್ಚು ಸದ್ದು ಮಾಡಿತು, ಆದರೆ ಎಲ್ಲಕ್ಕಿಂತ ಜೊಳ್ಳಾದದ್ದೂ ಅದೇ. ಸ್ಪಿರಿಟ್ ಎಂಬ ತಂಡದ 'ಟಾರಸ್' ವಾದ್ಯಗೀತೆಗೂ ಇದರ ಆರಂಭಕ್ಕೂ ಇರುವ ಹೋಲಿಕೆ, ಅರ್ಧ ಸ್ವರ ಅರ್ಧ ಸ್ವರವಾಗಿ ಇಳಿಯುವ ಒಂದು ಸರಣಿಯದು. ಅಂಥ ಇಳಿಕೆ ಪಾಶ್ಚಾತ್ಯ ಸಂಗೀತದಲ್ಲಿ ಶತಮಾನಗಳಿಂದ ಎಲ್ಲರ ಸೊತ್ತು. 2016ರಲ್ಲಿ ಲಾಸ್ ಏಂಜಲೀಸಿನ ಜ್ಯೂರಿ ತಂಡದ ಪರವಾಗಿ ತೀರ್ಪು ಕೊಟ್ಟಿತು. ನಡುವೆ ಅದು ರದ್ದಾಗಿ, 2020ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಾಲಯದ ವಿಸ್ತೃತ ಪೀಠದಿಂದ ಮರಳಿ ಸ್ಥಿರವಾಯಿತು. ಆರೋಪ ಮಾಡುವವರ ಪಟ್ಟಿಯಲ್ಲಿ ಈ ಹಾಡನ್ನೂ ತುರುಕುವುದರಿಂದ ಹೋಮ್ಸ್, ಡಿಕ್ಸನ್ನರ ನ್ಯಾಯವಾದ ಹಕ್ಕೇ ತೆಳುವಾಗುತ್ತದೆ.

ತಂಡದ ಅಭಿಮಾನಿಗಳ ಬಳಿ ಇನ್ನೊಂದು ವಾದವಿದೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬ್ಲೂಸ್ ಎಂಬುದೇ ಬಾಯಿಂದ ಬಾಯಿಗೆ ಹರಿದ ಜನಪದ. ಅಲ್ಲಿ ಸಾಲುಗಳಿಗೆ ಒಡೆಯರಿಲ್ಲ ಎಂಬುದು ಅದು. ಮಾತು ನಿಜ. ಡಿಕ್ಸನ್ನನ ಪ್ರಸಿದ್ಧ 'ಸ್ಪೂನ್‌ಫುಲ್' ಹಾಡಿನ ಹಿಂದೆ ಚಾರ್ಲಿ ಪ್ಯಾಟನ್ 1929ರಲ್ಲಿ ಮುದ್ರಿಸಿದ ಹಾಡಿನ ನೆರಳಿದೆ. 'ದಿ ಲೆಮನ್ ಸಾಂಗ್'ಗೆ ಹೆಸರು ತಂದ ನಿಂಬೆಹಣ್ಣಿನ ರೂಪಕ ರಾಬರ್ಟ್ ಜಾನ್ಸನ್ನನ 1937ರ ಹಾಡಿನದು; ಅವನಿಗಿಂತ ಹಿಂದೆಯೂ ಅದು ಬಳಕೆಯಲ್ಲಿತ್ತು. ಹಾಗಾದರೆ ಊರ ಬಾವಿಯಿಂದ ನೀರು ಸೇದಿದವರಲ್ಲಿ ಕೊನೆಗೆ ಬಂದವರನ್ನಷ್ಟೇ ಕಳ್ಳರೆನ್ನುವುದೇಕೆ?

ಏಕೆಂದರೆ ಕೊನೆಗೆ ಬಂದವರು ನೀರು ಸೇದಿದ್ದಷ್ಟೇ ಅಲ್ಲ, ಬಾವಿಯನ್ನು ತಮ್ಮ ಹೆಸರಿಗೆ ಖಾತೆ ಮಾಡಿಸಿಕೊಂಡರು. ಮೌಖಿಕ ಪರಂಪರೆಯ ಧರ್ಮವನ್ನು ಆಶ್ರಯಿಸಿ ಪಡೆದದ್ದನ್ನು ಗ್ರಂಥಸ್ವಾಮ್ಯದ ಧರ್ಮದಲ್ಲಿ ನೋಂದಾಯಿಸುವುದು, ಪಡೆಯುವಾಗ ಜನಪದ, ಮಾರುವಾಗ ಸ್ವಂತ ಎನ್ನುವುದು, ಎರಡೂ ಕಡೆಯ ಲಾಭವನ್ನು ಬಯಸುವ ನಿಲುವು. ಬರ್ಟ್ ಜಾನ್ಶ್ ಎಂಬ ಸ್ಕಾಟ್ಲೆಂಡಿನ ಗಿಟಾರ್ ವಾದಕನ ಪ್ರಸಂಗದಲ್ಲಿ ಇದು ಸ್ಪಷ್ಟವಾಗುತ್ತದೆ. ಆನ್ ಬ್ರಿಗ್ಸ್ ಎಂಬ ಗಾಯಕಿಯಿಂದ ಕಲಿತ ಹಳೆಯ ಜನಪದ ಹಾಡೊಂದಕ್ಕೆ ಅವನು ತನ್ನದೇ ಗಿಟಾರ್ ವಿನ್ಯಾಸ ಕಟ್ಟಿ 1966ರಲ್ಲಿ ಮುದ್ರಿಸಿದ. ಅದೇ ವಿನ್ಯಾಸವು ವಿರಾಮ್ ಜಸಾನಿಯ ತಬಲಾದೊಡನೆ 'ಬ್ಲ್ಯಾಕ್ ಮೌಂಟನ್ ಸೈಡ್' ಎಂಬ ಹೆಸರಿನಲ್ಲಿ ಝೆಪೆಲಿನ್ನಿನ ಮೊದಲ ಆಲ್ಬಮಿನಲ್ಲಿ ಕಾಣಿಸಿತು, ರಚನೆ ಪೇಜನದೆಂಬ ನಮೂದಿನೊಡನೆ. ಮೂಲ ಜನಪದವಾದ್ದರಿಂದ ಜಾನ್ಶನಿಗೆ ಕಾನೂನಿನ ನೆಲೆ ದೊರೆಯಲಿಲ್ಲ. ಜನಪದವೆಂಬ ಕಾರಣಕ್ಕೆ ಅವನಿಗೆ ಸಿಗದ ಒಡೆತನ ಪೇಜನಿಗೆ ಹೇಗೆ ಸಿಕ್ಕಿತು ಎಂಬುದಕ್ಕೆ ಅಭಿಮಾನಿಗಳು ಉತ್ತರ ಹೇಳುವುದಿಲ್ಲ.

ಜನಪದಕ್ಕೆ ಒಡೆಯರಿಲ್ಲ ಎಂಬ ಮಾತನ್ನು ಕನ್ನಡ–ಮರಾಠಿ ಗಡಿಯ ಭಜನೆಯ ಬಳಕೆಯೊಡನೆ ಇಟ್ಟು ನೋಡುವುದು ಒಳ್ಳೆಯದು. ಒಂದೇ ಅಭಂಗಕ್ಕೆ, ಒಂದೇ ತತ್ವಪದಕ್ಕೆ ಊರೂರಿಗೆ ಮಟ್ಟು ಬೇರೆ, ನುಡಿಗಳು ಹಿಂದುಮುಂದು, ಉಚ್ಚಾರವೂ ಬೇರೆ. ಇಷ್ಟು ಸಡಿಲವಾದ ಹಾಡುಗಾರಿಕೆಯಲ್ಲಿಯೂ ಕೊನೆಯ ನುಡಿಗೆ ಬಂದಾಗ ತುಕಾರಾಮರ ನಾಮಮುದ್ರೆಯೋ ಶರೀಫರ ಅಂಕಿತವೋ ತನ್ನ ಸ್ಥಾನದಲ್ಲಿ ನಿಂತಿರುತ್ತದೆ. ಒಡೆತನದ ಕಾನೂನು ಇಲ್ಲದ ಕಡೆಯಲ್ಲಿಯೂ ಋಣದ ನೆನಪು ಇರಬಲ್ಲದು. ಕಾನೂನು ಬಂದ ಕಡೆ ಆ ನೆನಪು ಇಲ್ಲವಾಯಿತೆಂಬುದು ಝೆಪೆಲಿನ್ ಕಥೆಯ ವಿಚಿತ್ರ.

ಇಷ್ಟೆಲ್ಲ ಹೇಳಿದ ಮೇಲೆ ಆ ತಂಡದ ಸಂಗೀತವನ್ನು ಕೇಳಬೇಕು. ಕೇಳದೆ ತೀರ್ಪು ಕೊಡುವವರೇ ಹೆಚ್ಚು. 1971ರ ನವೆಂಬರಿನಲ್ಲಿ ಬಂದ ನಾಲ್ಕನೆಯ ಆಲ್ಬಮಿನ ಹೊದಿಕೆಯ ಮೇಲೆ ತಂಡದ ಹೆಸರೂ ಇರಲಿಲ್ಲ, ಆಲ್ಬಮಿನ ಹೆಸರೂ ಇರಲಿಲ್ಲ. ಅದರ ಕೊನೆಯ ಹಾಡು 'ವೆನ್ ದ ಲೆವೀ ಬ್ರೇಕ್ಸ್'. 1927ರಲ್ಲಿ ಮಿಸಿಸಿಪಿ ನದಿ ಒಡ್ಡುಗಳನ್ನು ಒಡೆದು ಹರಿದು ಲಕ್ಷಾಂತರ ಜನರ ಮನೆಮಾರು ಕೊಚ್ಚಿಕೊಂಡು ಹೋಯಿತು. ಒಡ್ಡು ಕಾಯುವ ಬಲವಂತದ ದುಡಿಮೆಗೆ ಕಪ್ಪು ಕೂಲಿಗಳನ್ನು ಅಟ್ಟಲಾಗಿತ್ತು. ಆ ನೆರೆಯ ಮೇಲೆ ಮೆಂಫಿಸ್ ಮಿನ್ನಿ ಮತ್ತು ಅವಳ ಅಂದಿನ ಗಂಡ ಜೋ ಮೆಕಾಯ್ 1929ರಲ್ಲಿ ಈ ಹಾಡನ್ನು ಮುದ್ರಿಸಿದರು. ಎರಡು ಗಿಟಾರುಗಳು ಚುರುಕಾಗಿ ಮಾತಾಡಿಕೊಳ್ಳುವ, ಮೂರು ನಿಮಿಷದ, ಹಗುರ ನಡೆಯ ಹಾಡು ಅದು. ದುಃಖವನ್ನು ಹೇಳುವ ಧ್ವನಿಯಲ್ಲಿ ಅಳು ಇಲ್ಲ.

ಝೆಪೆಲಿನ್ನಿನ ಹಾಡು ಏಳು ನಿಮಿಷದ್ದು. ಇಂಗ್ಲೆಂಡಿನ ಹ್ಯಾಂಪ್‌ಶೈರಿನ ಹೆಡ್ಲಿ ಗ್ರೇಂಜ್ ಎಂಬ ಹಳೆಯ ಕಟ್ಟಡದ ನಡುವಣ ಹಜಾರದಲ್ಲಿ, ಮೆಟ್ಟಿಲುಗಳ ಬುಡದಲ್ಲಿ ಬಾನ್‌ಹ್ಯಾಮ್ ಡ್ರಮ್ ಹೂಡಿಕೊಂಡು ಕುಳಿತ. ಧ್ವನಿತಂತ್ರಜ್ಞ ಆಂಡಿ ಜಾನ್ಸ್ ಡ್ರಮ್ಮಿನ ಹತ್ತಿರ ಮೈಕನ್ನು ಇಡಲಿಲ್ಲ. ಮೇಲಂತಸ್ತಿನ ಮೆಟ್ಟಿಲ ಬಳಿಯಿಂದ ಎರಡು ಮೈಕುಗಳನ್ನು ಇಳಿಬಿಟ್ಟ. ಹಾಗಾಗಿ ಅಲ್ಲಿ ದಾಖಲಾದುದು ಪೆಟ್ಟು ಮಾತ್ರವಲ್ಲ. ಪೆಟ್ಟು ಏರಿ, ಗೋಡೆಗಳಿಗೆ ಬಡಿದು, ಮರಳಿ ಬಂದ ಮನೆಯ ಸದ್ದು. ಅದರ ಮೇಲೆ ತಲೆಕೆಳಗಾಗಿಸಿದ ಪ್ರತಿಧ್ವನಿಯ ಮೌತ್ ಆರ್ಗನ್, ಕೊನೆಯತನಕ ಬಿಡದೆ ಸುತ್ತುವ ಒಂದೇ ಸ್ವರಭಾರ. ಮಿನ್ನಿ ಮತ್ತು ಜೋ ಹಾಡಿದ್ದು ನೆರೆಯಲ್ಲಿ ಸಿಕ್ಕಿದ ಮನುಷ್ಯನ ಮಾತನ್ನು. ಝೆಪೆಲಿನ್ನಿನ ಹಾಡಿನಲ್ಲಿ ಕೇಳುವುದು ಆ ನೆರೆಯೇ. ರಾಜಶೇಖರ ಹೇಳಿದ ಪರಪುರಪ್ರವೇಶಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಹುಡುಕಬೇಕಾಗಿಲ್ಲ. ಇದರ ಡ್ರಮ್ ನಡೆ ಎಷ್ಟು ಜನರನ್ನು ಹಿಡಿಯಿತೆಂದರೆ 1986ರಲ್ಲಿ ಬೀಸ್ಟೀ ಬಾಯ್ಸ್ ತಂಡ ಅದನ್ನು ಹಾಗೆಯೇ ಕತ್ತರಿಸಿ ತನ್ನ ಹಾಡಿಗೆ ಅಡಿಪಾಯ ಮಾಡಿಕೊಂಡಿತು. ಆ ಹಾಡಿನ ಶೀರ್ಷಿಕೆಯಲ್ಲಿಯೇ ಕಳವಿನ ಮಾತಿದೆ. ಕಾಲಕ್ಕೆ ಹಾಸ್ಯಪ್ರಜ್ಞೆ ಇದೆ ಎನ್ನಬೇಕು.

1975ರ 'ಕಾಶ್ಮೀರ್' ಹಾಡಿನ ವಿಷಯದಲ್ಲಿ ಯಾರೂ ಕಳವಿನ ಮಾತೆತ್ತಿಲ್ಲ. ಅದರ ಹುಟ್ಟಿಗೂ ಕಾಶ್ಮೀರಕ್ಕೂ ಸಂಬಂಧವಿಲ್ಲ. ಮಾತುಗಳು ಹೊಳೆದದ್ದು ಮೊರಾಕೋದ ಮರುಭೂಮಿಯ ದಾರಿಯಲ್ಲಿ. (ನಿಜವಾದ ಕಾಶ್ಮೀರದ ಕೊಡುಗೆ ಈ ಚರ್ಚೆಗೆ ಬೇಕಿದ್ದರೆ ಆನಂದವರ್ಧನನೇ ಇದ್ದಾನೆ.) ಅಲ್ಲಿ ಡ್ರಮ್ ನಾಲ್ಕರ ಎಣಿಕೆಯಲ್ಲಿ ನಡೆಯುತ್ತದೆ, ಗಿಟಾರ್ ಮೂರರ ಎಣಿಕೆಯಲ್ಲಿ, ಹನ್ನೆರಡು ಮಾತ್ರೆಗೊಮ್ಮೆ ಇಬ್ಬರೂ ಕೂಡುತ್ತಾರೆ. ಮಾತ್ರಾಗಣಗಳನ್ನು ಬಿಡಿಸಿ ಅಭ್ಯಾಸವಿರುವ ವಿದ್ಯಾರ್ಥಿಗೆ ಈ ಕೂಡುವಿಕೆಯ ಸುಖ ಕೂಡಲೇ ತಿಳಿಯುತ್ತದೆ. ಪೂರ್ವದೇಶಗಳ ಸಂಗೀತದ ಮೇಲಿನ ಒಲವು ಬರಿಯ ಅಲಂಕಾರವಾಗಿರಲಿಲ್ಲ ಎಂಬುದಕ್ಕೆ ಇನ್ನೊಂದು ಸಾಕ್ಷಿಯೂ ಇದೆ. 1972ರಲ್ಲಿ ಪೇಜ್ ಮತ್ತು ಪ್ಲಾಂಟ್ ಮುಂಬಯಿಗೆ ಬಂದು ಅಲ್ಲಿನ ವಾದ್ಯಗಾರರೊಡನೆ ತಮ್ಮ ಎರಡು ಹಾಡುಗಳನ್ನು ಮುದ್ರಿಸಿಕೊಂಡರು. ಅವು ಅಧಿಕೃತವಾಗಿ ಬೆಳಕು ಕಂಡದ್ದು 2015ರಲ್ಲಿ.

ಹೀಗೆ ತೂಗಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಈ ತಂಡದ ಕೀರ್ತಿ ನ್ಯಾಯವಾದದ್ದೇ. ಆದರೆ ಅದು ತಪ್ಪು ಶೀರ್ಷಿಕೆಯ ಕೆಳಗೆ ದಾಖಲಾಗಿದೆ. ಅವರನ್ನು ಮೂಲರಚನಕಾರರೆಂದು ಹೊಗಳುವಲ್ಲಿ ಕೀರ್ತಿ ಉಬ್ಬಿದೆ. ಸದ್ದಿನ ಶಿಲ್ಪಿಗಳೆಂದು, ಪಡೆದದ್ದನ್ನು ಬೇರೊಂದು ಗಾತ್ರಕ್ಕೆ ಬೆಳೆಸಿದವರೆಂದು ಹೊಗಳಿದರೆ ಅದು ಸಾಲದು ಎನ್ನುವಷ್ಟಿದೆ. 'ಹೋಲ್ ಲಾಟಾ ಲವ್' ಹಾಡಿನಲ್ಲಿಯೂ ಡಿಕ್ಸನ್ನನಿಂದ ಬಂದದ್ದು ಮಾತು. ಆರಂಭದಿಂದಲೇ ಕಿವಿ ಹಿಡಿದು ಎಳೆಯುವ, ಮತ್ತೆ ಮತ್ತೆ ಮರಳುವ ಆ ಗಿಟಾರ್ ಸ್ವರಗುಚ್ಛ ಪೇಜನದೇ. ತಂಡದ ದೌರ್ಬಲ್ಯವಿದ್ದದ್ದು ಮಾತಿನಲ್ಲಿ. ಪ್ಲಾಂಟ್ ಆರಂಭದ ವರ್ಷಗಳಲ್ಲಿ ಬಾಯಿಗೆ ಬಂದ ಹಳೆಯ ಬ್ಲೂಸ್ ಸಾಲುಗಳನ್ನು ಹಾಡುತ್ತ ಹೋದ; ಸ್ವಂತವಾಗಿ ಬರೆದಾಗ ಟೋಲ್ಕಿನ್ನನ ಕಾದಂಬರಿಯ ರಾಕ್ಷಸರನ್ನೂ ಊರುಗಳನ್ನೂ ಪ್ರೇಮಗೀತೆಯೊಳಗೆ ಎಳೆದು ತಂದ. ಕವಿತೆಯೆಂದು ಓದಲು ಅವನ ಬಹುಪಾಲು ಹಾಡುಗಳು ತಾಳವು. 1969ರಲ್ಲಿ 'ರೋಲಿಂಗ್ ಸ್ಟೋನ್' ಪತ್ರಿಕೆ ಮೊದಲ ಆಲ್ಬಮನ್ನು ಕಟುವಾಗಿ ಹಳಿದದ್ದನ್ನು ಇಂದು ವಿಮರ್ಶೆಯ ದೊಡ್ಡ ಎಡವಟ್ಟೆಂದು ನಗುತ್ತಾರೆ. ರಚನೆ ದುರ್ಬಲವೆಂಬ ಆ ದೂರಿನಲ್ಲಿ ಹುರುಳಿತ್ತು. ವಿಮರ್ಶಕನಿಗೆ ಕೇಳಿಸದೆ ಹೋದದ್ದು ಆ ಸದ್ದು.

ಋಣವನ್ನು ಒಪ್ಪಿಕೊಂಡರೆ ಕೀರ್ತಿ ಕುಗ್ಗುತ್ತದೆಂಬ ಭಯ ಅಭಿಮಾನಿಗಳಲ್ಲಿದೆ. 'ವೆನ್ ದ ಲೆವೀ ಬ್ರೇಕ್ಸ್' ಆ ಭಯವನ್ನು ಸುಳ್ಳು ಮಾಡುತ್ತದೆ. 1971ರ ಆ ಹೊದಿಕೆಯಲ್ಲಿ ನಾಲ್ವರ ಹೆಸರಿನೊಡನೆ ಮೆಂಫಿಸ್ ಮಿನ್ನಿಯ ಹೆಸರೂ ಅಚ್ಚಾಗಿತ್ತು. ಯಾರೂ ನ್ಯಾಯಾಲಯಕ್ಕೆ ಎಳೆಯದೆಯೇ ಹೇಳಿದ ಋಣ ಅದು; ತಂಡದ ಅತ್ಯುತ್ತಮ ಹಾಡುಗಳಲ್ಲಿ ಒಂದೆಂದು ಅದನ್ನು ಎಣಿಸುವವರು ಆ ಐದನೆಯ ಹೆಸರಿನಿಂದಾಗಿ ಒಂದು ಅಂಕವನ್ನೂ ಕಳೆದಿಲ್ಲ.

ಹೆಸರು ಬಿಟ್ಟುಹೋದಾಗ ನಷ್ಟ ಯಾರದೆಂಬುದನ್ನು ತಾತ್ತ್ವಿಕವಾಗಿ ಚರ್ಚಿಸುವ ಅಗತ್ಯವಿಲ್ಲ. ರಾಯಲ್ಟಿ ಎಂಬುದು ಹೆಸರಿನ ಹಿಂದೆ ಹೋಗುವ ಹಣ. ಡಿಕ್ಸನ್ ಬ್ರಿಟಿಷ್ ತಂಡದೊಡನೆ ಮಾತ್ರವಲ್ಲ, ತನ್ನ ಹಾಡುಗಳ ಪ್ರಕಾಶಕರೊಡನೆಯೂ ಹಣಕ್ಕಾಗಿ ವ್ಯಾಜ್ಯವಾಡಬೇಕಾಯಿತು. ಆ ಅನುಭವದಿಂದಲೇ ಅವನು 1980ರ ದಶಕದಲ್ಲಿ, ಮುಪ್ಪಾದ ಬ್ಲೂಸ್ ಕಲಾವಿದರಿಗೆ ತಮ್ಮ ಹಾಡುಗಳ ಹಕ್ಕನ್ನೂ ಗಳಿಕೆಯನ್ನೂ ಮರಳಿ ಪಡೆಯಲು ನೆರವಾಗುವ ಪ್ರತಿಷ್ಠಾನವೊಂದನ್ನು ಕಟ್ಟಿದ. 1992ರಲ್ಲಿ ಅವನು ತೀರಿಕೊಂಡ ಮೇಲೆ, ಅವನು ಹಾಡು ಕಟ್ಟಿದ ಷಿಕಾಗೋದ ಹಳೆಯ ಮುದ್ರಣಶಾಲೆಯ ಕಟ್ಟಡವನ್ನೇ ಅವನ ಹೆಂಡತಿ ಕೊಂಡು ಅದಕ್ಕೆ ನೆಲೆ ಮಾಡಿಕೊಟ್ಟಳು. ಮೆಂಫಿಸ್ ಮಿನ್ನಿ ಪಾರ್ಶ್ವವಾಯು ಬಡಿದು, ಬಡತನದಲ್ಲಿ, 1973ರಲ್ಲಿ ಸತ್ತಳು. ಅವಳ ಹೆಸರಿದ್ದ ಆಲ್ಬಮ್ ಆಗ ಪ್ರಪಂಚದಾದ್ಯಂತ ಮಾರಾಟವಾಗುತ್ತಿತ್ತು. ಅವಳ ಸಮಾಧಿಗೆ ಕಲ್ಲು ನಿಂತದ್ದು 1996ರಲ್ಲಿ, ಬಾನಿ ರೇಟ್ ಎಂಬ ಗಾಯಕಿಯ ಹಣದಿಂದ. ಇನ್ನು 1929ರ ಆ ಮುದ್ರಿಕೆಯಲ್ಲಿ ಮಿನ್ನಿ ನುಡಿಸಿದ್ದು ಗಿಟಾರನ್ನು. ಹಾಡಿದ ಧ್ವನಿ ಜೋ ಮೆಕಾಯನದು. ಅವನು 1950ರಲ್ಲಿಯೇ ತೀರಿಹೋಗಿದ್ದ. ಝೆಪೆಲಿನ್ ಆಲ್ಬಮಿನ ಕರ್ತೃಗಳ ಆ ಐದು ಹೆಸರುಗಳಲ್ಲಿ ಅವನ ಹೆಸರಿಲ್ಲ.